ಈ ವರ್ಷ ಪಾತರಗಿತ್ತಿ ಕಡಿಮೆಯೇ? ಮಳೆ, ಚಿಟ್ಟೆ ಮತ್ತು ಕಾಲಶ್ರೇಣಿಯ ಪಾಠ

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ‘ಕಾಲಶ್ರೇಣಿ’ ಎಂಬ ಪಾಠವಿದೆ. ಒಂದು ಸಂಖ್ಯೆ ವರ್ಷದಿಂದ ವರ್ಷಕ್ಕೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದನ್ನು ಬಿಡಿಸಿ ನೋಡುವುದನ್ನು ಅದು ಕಲಿಸುತ್ತದೆ. ಇಂಥ ಪಾಠಗಳಲ್ಲಿ ಉದಾಹರಣೆಗೆ ಅಂಗಡಿಯ ಮಾರಾಟ, ಕಾರ್ಖಾನೆಯ ಉತ್ಪಾದನೆ, ಧಾನ್ಯದ ಬೆಲೆ ಬರುತ್ತವೆ. ನಾನು ಅದೇ ಪಾಠವನ್ನು ಪಾತರಗಿತ್ತಿಗಳಿಗೆ ಹಚ್ಚಿ ನೋಡಿದ್ದೇನೆ. ವಿಜ್ಞಾನ ವಿಭಾಗದ ಗೆಳೆಯರಿಗೆ ಇದರಲ್ಲಿ ಜೀವಶಾಸ್ತ್ರ ಸಿಗುತ್ತದೆ, ನಮ್ಮ ವಾಣಿಜ್ಯ ವಿಭಾಗದವರಿಗೆ ಲೆಕ್ಕ ಸಿಗುತ್ತದೆ.

ಈ ವಿಷಯ ಏಕೆಂದರೆ, ಬಾಡಗಂಡಿಯ ಹೊಲದ ಕಡೆ ಹೋದರೂ, ನಮ್ಮ ಮನೆಗಳಲ್ಲಿ ಕುಳಿತರೂ ಒಂದು ಮಾತು ಕೇಳಿಬರುತ್ತದೆ. ಕನ್ನಡದಲ್ಲಿ ‘ಮೊದಲ ಪಾತರಗಿತ್ತಿ ಭಾಳ ಇರತಿದ್ವು, ಈಗ ಕಾಣೂದಿಲ್ಲ’ ಎನ್ನುತ್ತಾರೆ. ಉರ್ದುವಿನಲ್ಲಿ ‘ಅಬ್ ತಿತ್ಲಿಯಾಂ ಕಮ್ ಹೋ ಗಯೀಂ’ ಎನ್ನುತ್ತಾರೆ. ಎರಡೂ ಒಂದೇ ಹೇಳಿಕೆ. ಅದು ನಿಜವಿರಬಹುದು, ಇಲ್ಲದಿರಬಹುದು. ಅದನ್ನು ಪರೀಕ್ಷಿಸುವ ದಾರಿ ಯಾವುದು ಎಂಬುದೇ ಈ ಲೇಖನದ ವಿಷಯ.

1. ನಾಲ್ಕು ಬಗೆಯ ಏರಿಳಿತ

ಕಾಲಶ್ರೇಣಿಯಲ್ಲಿ ನಾಲ್ಕು ಘಟಕಗಳಿವೆ. ಚಿಟ್ಟೆಗಳಿಗೆ ಅವನ್ನು ಹೀಗೆ ಹೊಂದಿಸಬಹುದು.

ಋತುಮಾನದ ಬದಲಾವಣೆ: ಒಂದೇ ವರ್ಷದೊಳಗೆ ಮಳೆಗಾಲಕ್ಕೆ ಹೆಚ್ಚುವುದು, ಬೇಸಿಗೆಗೆ ಇಳಿಯುವುದು.

ಚಕ್ರೀಯ ಬದಲಾವಣೆ: ಕೆಲವು ವರ್ಷಗಳಿಗೊಮ್ಮೆ ಬರುವ ಏರಿಳಿತ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ‘ಎಲ್ ನಿನೊ’ 2ರಿಂದ 7 ವರ್ಷಕ್ಕೊಮ್ಮೆ ಬರುತ್ತದೆ. ಅಂಥ ವರ್ಷಗಳಲ್ಲಿ ನಮ್ಮ ಮುಂಗಾರು ಅನೇಕ ಸಲ ಸೊರಗುತ್ತದೆ.

ಅನಿಯಮಿತ ಬದಲಾವಣೆ: ಯಾರೂ ಎಣಿಸದೆ ಬರುವಂಥದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ನಮ್ಮ ಬಾಗಲಕೋಟೆ ಜಿಲ್ಲೆಗೆ ನುಗ್ಗಿದ ಪ್ರವಾಹ ಇದಕ್ಕೆ ಉದಾಹರಣೆ.

ದೀರ್ಘಕಾಲೀನ ಪ್ರವೃತ್ತಿ: ಹತ್ತು, ಇಪ್ಪತ್ತು ವರ್ಷಗಳ ಒಟ್ಟು ದಿಕ್ಕು. ಮೊದಲಿನ ಮೂರನ್ನು ಬದಿಗೆ ಸರಿಸಿದ ಮೇಲೆ ಉಳಿಯುವುದು ಇದು.

‘ಪಾತರಗಿತ್ತಿ ಕಡಿಮೆಯಾದವು’ ಎಂದು ಹೇಳುವವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ನಾಲ್ಕನೆಯದನ್ನು. ಆದರೆ ಅವರ ಕಣ್ಣಿಗೆ ಬಿದ್ದಿರುವುದು ಮೊದಲ ಮೂರರಲ್ಲಿ ಒಂದಾಗಿರಬಹುದು.

2. ರಂಜಾನಿನ ಲೆಕ್ಕ ಮತ್ತು ಮಳೆಯ ಲೆಕ್ಕ

ಮೊದಲು ಋತುಮಾನವನ್ನು ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಹಿರಿಯರು ಹಳೆಯ ಸಂಗತಿಗಳನ್ನು ರಂಜಾನ್, ಬಕ್ರೀದ್, ಮೊಹರಂ ಹಿಡಿದು ನೆನಪಿಡುತ್ತಾರೆ. ‘ಆಗ ರಂಜಾನಿನಲ್ಲಿ ಅಂಗಳದ ತುಂಬ ತಿತ್ಲಿ ಬರುತ್ತಿದ್ದವು, ಈಗಿನ ರಂಜಾನಿನಲ್ಲಿ ಒಂದೂ ಇಲ್ಲ’ ಎಂದು ಯಾರಾದರೂ ಹೇಳಿದರೆ ಅವರ ನೆನಪು ಪೂರ್ತಿ ಸರಿಯಿರಬಹುದು. ಆದರೂ ಅದರಿಂದ ಚಿಟ್ಟೆ ಕಡಿಮೆಯಾಯಿತೆಂದು ತೀರ್ಮಾನಿಸಲಾಗದು. ಹಿಜ್ರಿ ವರ್ಷ ಚಂದ್ರನದು. ಅದು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. 2015ರಲ್ಲಿ ರಂಜಾನ್ ಜೂನ್ ಮೂರನೆಯ ವಾರ ಆರಂಭವಾಗಿತ್ತು, ಅಂದರೆ ಮುಂಗಾರಿನ ಹೊತ್ತು. 2025ರಲ್ಲಿ ಅದು ಮಾರ್ಚ್ ಮೊದಲ ವಾರ ಆರಂಭವಾಯಿತು, ಅಂದರೆ ಒಣ ಬಿಸಿಲು. ಹತ್ತು ವರ್ಷದಲ್ಲಿ ಹಬ್ಬವೇ ಮಳೆಗಾಲದಿಂದ ಬೇಸಿಗೆಗೆ ಸರಿದಿದೆ. ಅದು ಒಂದು ಸುತ್ತು ತಿರುಗಿ ಮತ್ತೆ ಅದೇ ಋತುವಿಗೆ ಬರಲು ಸುಮಾರು 33 ವರ್ಷ ಬೇಕು.

ರೈತರು ಹಿಡಿಯುವ ಲೆಕ್ಕ ಬೇರೆ. ರೋಹಿಣಿ, ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂಬ ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುತ್ತವೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಮಿರಗ ಪ್ರತಿ ವರ್ಷ ಜೂನ್ 7–8ರ ಹೊತ್ತಿಗೆ, ಉತ್ತರಿ ಸೆಪ್ಟೆಂಬರ್ 13ರ ಹೊತ್ತಿಗೆ ಕೂಡುತ್ತದೆ. ಮಳೆ ಬರಲಿ ಬಿಡಲಿ, ದಿನ ಮಾತ್ರ ಅದೇ. ಆದ್ದರಿಂದ ‘ಹೋದ ಉತ್ತರಿಯಲ್ಲಿ ಎಷ್ಟು, ಈ ಉತ್ತರಿಯಲ್ಲಿ ಎಷ್ಟು’ ಎಂದು ಕೇಳಿದರೆ ಹೋಲಿಕೆ ಸರಿಯಾಗುತ್ತದೆ. ರೋಜಾಕ್ಕೆ ಚಂದ್ರ ಬೇಕು, ಚಿಟ್ಟೆಯ ಲೆಕ್ಕಕ್ಕೆ ಸೂರ್ಯ ಬೇಕು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು 550ರಿಂದ 600 ಮಿ.ಮೀ. ಮಳೆ. ಅದರಲ್ಲಿ ಸೆಪ್ಟೆಂಬರ್‌ನ ಪಾಲು ದೊಡ್ಡದು. ಕೃಷ್ಣಮೇಘ ಕುಂಟೆ ಎಂಬ ಚಿಟ್ಟೆ ವಿಜ್ಞಾನಿ ಉತ್ತರ ಪಶ್ಚಿಮ ಘಟ್ಟದಲ್ಲಿ ಎಣಿಕೆ ಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಳೆಗಾಲದ ಕೊನೆ ಮತ್ತು ಚಳಿಗಾಲದ ಆರಂಭದಲ್ಲಿ ಚಿಟ್ಟೆಗಳು ಅತಿ ಹೆಚ್ಚು ಎಂದು ಕಂಡುಬಂದಿತ್ತು. ದೇಶದಾದ್ಯಂತ ಚಿಟ್ಟೆ ಆಸಕ್ತರು 2020ರಿಂದ ಸೆಪ್ಟೆಂಬರ್ ತಿಂಗಳಲ್ಲಿ ‘ಬಿಗ್ ಬಟರ್‌ಫ್ಲೈ ಮಂತ್’ ನಡೆಸುತ್ತಿರುವುದಕ್ಕೂ ಈ ಋತುವೇ ಹೊಂದುತ್ತದೆ.

3. ಮಳೆ ಚಿಟ್ಟೆಯನ್ನು ಹೇಗೆ ಹೆಚ್ಚಿಸುತ್ತದೆ?

ಮಳೆಯ ನೀರು ಚಿಟ್ಟೆಗೆ ನೇರವಾಗಿ ಬೇಕಾಗಿರುವುದು ಸ್ವಲ್ಪ. ಅದಕ್ಕೆ ಬೇಕಾಗಿರುವುದು ಮಳೆಯಿಂದ ಬರುವ ಎಳೆಯ ಎಲೆ. ಚಿಟ್ಟೆಯ ಜೀವನದಲ್ಲಿ ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಹಂತಗಳು. ಬೆಳೆಯುವುದೆಲ್ಲ ಮರಿಹುಳುವಿನ ಹಂತದಲ್ಲಿ. ಆ ಹುಳು ಯಾವ ಗಿಡವನ್ನಾದರೂ ತಿನ್ನುವುದಿಲ್ಲ. ನಿಂಬೆ ಚಿಟ್ಟೆಗೆ ನಿಂಬೆಯ ಜಾತಿಯ ಗಿಡ ಬೇಕು. ಕಿತ್ತಳೆ ಬಣ್ಣಕ್ಕೆ ಕಪ್ಪು ಅಂಚಿರುವ ಪ್ಲೇನ್ ಟೈಗರ್‌ಗೆ ಎಕ್ಕಿ ಗಿಡ ಬೇಕು. ಕಾಮನ್ ಕ್ಯಾಸ್ಟರ್ ಎಂಬ ಕಂದು ಚಿಟ್ಟೆಗೆ ಔಡಲ ಬೇಕು. ಪೀ ಬ್ಲೂ ಎಂಬ ಸಣ್ಣ ನೀಲಿ ಚಿಟ್ಟೆಯ ಹುಳು ತೊಗರಿಯಂಥ ಬೇಳೆ ಗಿಡಗಳ ಹೂವು, ಕಾಯಿ ತಿನ್ನುತ್ತದೆ. ಎಲ್ಲ ಚಿಟ್ಟೆಯೂ ರೈತರ ಗೆಳೆಯ ಎಂದು ನಾನು ಹೇಳುತ್ತಿಲ್ಲ. ದಾಳಿಂಬೆಯ ಕಾಯಿ ಕೊರೆಯುವ ಹುಳುವೂ ಒಂದು ಚಿಟ್ಟೆಯ ಮರಿಯೇ.

ಬೆಚ್ಚಗಿನ ದಿನಗಳಲ್ಲಿ ಇಂಥ ಚಿಟ್ಟೆಗಳು ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು ಸುಮಾರು ಒಂದು ತಿಂಗಳು ಸಾಕು. ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ತಲೆಮಾರು. ಇಲ್ಲಿಂದ ಲೆಕ್ಕ ಶುರುವಾಗುತ್ತದೆ. ಬಡ್ಡಿ ನಮ್ಮ ಮನೆಗಳಲ್ಲಿ ಬೇಡವಾದ ಮಾತು, ಆದರೆ ಚಕ್ರಬಡ್ಡಿಯ ಸೂತ್ರ ಪರೀಕ್ಷೆಗೂ ಬೇಕು, ಇಲ್ಲಿಯೂ ಬೇಕು.

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ಮಿರಗದಲ್ಲಿ 20 ಚಿಟ್ಟೆಗಳಿವೆ, ಅಂದರೆ 10 ಜೋಡಿ. ಪ್ರತಿ ಹೆಣ್ಣು 100 ಮೊಟ್ಟೆ ಇಡುತ್ತದೆ. ನೂರರಲ್ಲಿ 4 ಬದುಕಿ ಚಿಟ್ಟೆಯಾದರೆ ಪ್ರತಿ ತಲೆಮಾರಿಗೆ ಸಂಖ್ಯೆ ಎರಡು ಪಟ್ಟಾಗುತ್ತದೆ.

ಒಳ್ಳೆಯ ಮಳೆ: 20 – 40 – 80 – 160 – 320.

ಮಳೆ ಒಂದು ತಿಂಗಳು ತಡ: ಒಂದು ತಲೆಮಾರು ತಪ್ಪುತ್ತದೆ. 20 – 40 – 80 – 160. ಕೊನೆಯ ಸಂಖ್ಯೆ ಅರ್ಧ.

ನಡುವೆ ಒಂದು ತಿಂಗಳು ಮಳೆ ಕೈಕೊಟ್ಟು ಎಲೆ ಒಣಗಿ, ಆ ತಲೆಮಾರಿನಲ್ಲಿ ನೂರಕ್ಕೆ ಒಂದೇ ಬದುಕಿದರೆ: 20 – 40 – 80 – 40 – 80. ಕೊನೆಯ ಸಂಖ್ಯೆ ಕಾಲು ಭಾಗ.

ಒಂದೇ ಒಂದು ಕೆಟ್ಟ ತಿಂಗಳು 320ನ್ನು 80ಕ್ಕೆ ಇಳಿಸಿತು. ಇದು ಬರೀ ಕಾಗದದ ಮೇಲಿನ ಮಾತಲ್ಲ. 2023ರ ಆಗಸ್ಟ್ ಅನ್ನು ನೆನಪಿಸಿಕೊಳ್ಳಿ. 1901ರಿಂದ ಇಟ್ಟಿರುವ ದಾಖಲೆಯಲ್ಲಿ ಭಾರತಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಅದು. ಆ ವರ್ಷ ಎಲ್ ನಿನೊ ಇತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಮಳೆಗಾಲದ ನಡುವಿನ ತಿಂಗಳೇ ಒಣಗಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೂರನೆಯ ಸಾಲು ಉತ್ತರ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಲೆಕ್ಕಶಾಸ್ತ್ರದಲ್ಲಿ ಈ ವರ್ಷದ ಅಂತಿಮ ದಾಸ್ತಾನು ಮುಂದಿನ ವರ್ಷದ ಆರಂಭದ ದಾಸ್ತಾನು. ಚಿಟ್ಟೆಗೂ ಹಾಗೆಯೇ. ಚಳಿಗಾಲಕ್ಕೆ ಉಳಿದವು ಕಾಲುವೆಯ ಬದಿ, ತೋಟ, ನೆರಳಿನ ಜಾಗಗಳಲ್ಲಿ 40 ಡಿಗ್ರಿಯ ಬೇಸಿಗೆ ದಾಟಬೇಕು. ಹದಿನಾರಕ್ಕೆ ಒಂದು ದಾಟುತ್ತದೆ ಎಂದು ಊಹಿಸಿದರೆ, 320 ಇದ್ದ ವರ್ಷದ ನಂತರ ಮತ್ತೆ 20ರಿಂದ ಆರಂಭ. 80 ಇದ್ದ ವರ್ಷದ ನಂತರ 5ರಿಂದ ಆರಂಭ. ಆಗ ಮುಂದಿನ ವರ್ಷ ಮಳೆ ಚೆನ್ನಾಗಿ ಆದರೂ 5 – 10 – 20 – 40 – 80. ಮಳೆ ಒಳ್ಳೆಯದಿದ್ದರೂ ಚಿಟ್ಟೆ ಕಡಿಮೆ ಏಕೆ ಎಂದು ಆಶ್ಚರ್ಯಪಡುವವರು ಹಿಂದಿನ ವರ್ಷದ ಮಳೆಯನ್ನು ನೋಡಬೇಕು.

4. ಮಳೆ ಹೆಚ್ಚಾದರೆ ಚಿಟ್ಟೆ ಹೆಚ್ಚೇ?

ಅಷ್ಟು ಸರಳವಲ್ಲ. ಚಿಟ್ಟೆಯ ಮೈ ಬೆಚ್ಚಗಾಗದೆ ಅದು ಹಾರಲಾರದು. ಬೆಳಗ್ಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂರುವುದು ಇದಕ್ಕೇ. ದಿನಗಟ್ಟಲೆ ಜಿಟಿಜಿಟಿ ಹಿಡಿದರೆ ಅದು ಆಹಾರ ಹುಡುಕುವುದೂ ಇಲ್ಲ, ಮೊಟ್ಟೆ ಇಡುವುದೂ ಇಲ್ಲ. ಜೋರು ಮಳೆಗೆ ಮೊಟ್ಟೆ, ಸಣ್ಣ ಹುಳು ಕೊಚ್ಚಿಹೋಗುತ್ತವೆ. ತೇವಕ್ಕೆ ಹುಳುಗಳಿಗೆ ಬೂಷ್ಟು ರೋಗ ತಗಲುತ್ತದೆ.

ಎರಡನೆಯದು ಶತ್ರುಗಳ ಲೆಕ್ಕ. ಕೆಲವು ಸಣ್ಣ ಕಣಜಗಳು ಚಿಟ್ಟೆಯ ಮೊಟ್ಟೆ ಅಥವಾ ಹುಳುವಿನೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಚಿಟ್ಟೆ ಹೆಚ್ಚಾದ ವರ್ಷ ಕಣಜವೂ ಹೆಚ್ಚುತ್ತದೆ. ಮುಂದಿನ ವರ್ಷ ಅದೇ ಕಣಜ ಚಿಟ್ಟೆಯನ್ನು ಇಳಿಸುತ್ತದೆ. ಚಿಟ್ಟೆ ಇಳಿದ ಮೇಲೆ ಕಣಜವೂ ಇಳಿಯುವುದರಿಂದ ಚಿಟ್ಟೆಗೆ ಮತ್ತೆ ಏಳಲು ಅವಕಾಶ ಸಿಗುತ್ತದೆ. ನಮ್ಮ 5 – 80ರ ಲೆಕ್ಕಕ್ಕಿಂತ ನಿಜವಾದ ಚೇತರಿಕೆ ಕೆಲವೊಮ್ಮೆ ಬೇಗ ಆಗುವುದು ಇದರಿಂದ.

ಮೂರನೆಯದು ವಲಸೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು ಮುಂಗಾರಿನ ಹೊತ್ತಿಗೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಗುಂಪುಗುಂಪಾಗಿ ಬರುತ್ತವೆ, ಮಳೆಗಾಲದ ನಂತರ ಮರಳುತ್ತವೆ. ಕೃಷ್ಣೆಗೆ ನೀರು ಬರಲು ಮಹಾಬಳೇಶ್ವರದಲ್ಲಿ ಮಳೆಯಾಗಬೇಕು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಇಂಥ ಚಿಟ್ಟೆಗಳಿಗೂ ದೂರದ ಹವಾಮಾನವೇ ಲೆಕ್ಕ.

ಕೆಲವು ಚಿಟ್ಟೆಗಳ ರೆಕ್ಕೆಯ ಮೇಲೆಯೇ ಹವಾಮಾನ ಕಾಣುತ್ತದೆ. ಸಂಜೆ ದೀಪದ ಹತ್ತಿರ ಬರುವ ಇವನಿಂಗ್ ಬ್ರೌನ್ ಎಂಬ ಚಿಟ್ಟೆಯ ಹುಳು ಹುಲ್ಲು, ಭತ್ತ, ಕಬ್ಬಿನಂಥ ಗಿಡಗಳ ಎಲೆ ತಿನ್ನುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಗೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಚುಕ್ಕೆಗಳು ಸ್ಪಷ್ಟವಾಗಿರುತ್ತವೆ. ಒಣ ಕಾಲದಲ್ಲಿ ಹುಟ್ಟಿದ್ದು ತರಗೆಲೆಯಂತೆಯೇ ಇರುತ್ತದೆ. ಎರಡೂ ಒಂದೇ ಜಾತಿ.

5. ಲೆಕ್ಕ ಇಟ್ಟವರು ಏನು ಕಂಡರು?

ಬ್ರಿಟನ್‌ನಲ್ಲಿ 1976ರಿಂದ ಚಿಟ್ಟೆಗಳ ವಾರದ ಎಣಿಕೆ ನಡೆಯುತ್ತಿದೆ. ಎರ್ನಿ ಪೊಲಾರ್ಡ್ ಎಂಬ ವಿಜ್ಞಾನಿ ರೂಪಿಸಿದ ವಿಧಾನ ಸರಳ. ಗೊತ್ತುಪಡಿಸಿದ ಒಂದೇ ದಾರಿಯಲ್ಲಿ ನಿಧಾನವಾಗಿ ನಡೆಯುವುದು, ತನ್ನ ಮುಂದೆ 5 ಮೀಟರ್ ಮತ್ತು ಎರಡೂ ಬದಿಗೆ ಎರಡೂವರೆ ಮೀಟರ್ ಒಳಗೆ ಕಂಡ ಚಿಟ್ಟೆಗಳನ್ನಷ್ಟೇ ಎಣಿಸುವುದು. ಅಲ್ಲಿ ಸಾರ್ವಜನಿಕರು 15 ನಿಮಿಷ ಎಣಿಸುವ ಇನ್ನೊಂದು ಗಣತಿಯೂ ಇದೆ. ಅದರಲ್ಲಿ 2023ರಲ್ಲಿ ಒಂದು ಎಣಿಕೆಗೆ ಸರಾಸರಿ 12 ಚಿಟ್ಟೆ ಕಂಡಿದ್ದವು. 2024ರಲ್ಲಿ ವಸಂತ ಮಳೆಯಲ್ಲಿ, ಬೇಸಿಗೆ ಚಳಿಯಲ್ಲಿ ಕಳೆದು ಸರಾಸರಿ 7ಕ್ಕೆ ಇಳಿಯಿತು. ಬಿಸಿಲು ಚೆನ್ನಾಗಿದ್ದ 2025ರಲ್ಲಿ ಸುಮಾರು 10ಕ್ಕೆ ಏರಿತು. ಅಲ್ಲಿ ಚಿಟ್ಟೆಗೆ ಕೊರತೆ ಬಿಸಿಲಿನದು, ನಮ್ಮಲ್ಲಿ ಮಳೆಯದು. ಆದ್ದರಿಂದ ಹೊರದೇಶದ ವಿಧಾನವನ್ನು ತರಬಹುದು, ತೀರ್ಮಾನವನ್ನು ಹಾಗೆಯೇ ತರಲಾಗದು.

ಎರಡನೆಯ ಉದಾಹರಣೆ ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆ. ಇದು ನಮ್ಮ ಪ್ಲೇನ್ ಟೈಗರ್‌ನ ಹತ್ತಿರದ ಸಂಬಂಧಿ. ಚಳಿಗಾಲದಲ್ಲಿ ಮೆಕ್ಸಿಕೊದ ಬೆಟ್ಟದ ಕಾಡಿನಲ್ಲಿ ಗುಂಪಾಗಿ ಮರಕ್ಕೆ ಅಂಟಿಕೊಂಡಿರುತ್ತದೆ. ಒಂದೊಂದನ್ನು ಎಣಿಸಲಾಗದ್ದರಿಂದ ಅವು ಎಷ್ಟು ಹೆಕ್ಟೇರ್ ಕಾಡನ್ನು ತುಂಬಿವೆ ಎಂದು ಅಳೆಯುತ್ತಾರೆ.

1996–97: 18.19 ಹೆಕ್ಟೇರ್
2013–14: 0.67 ಹೆಕ್ಟೇರ್
2022–23: 2.21 ಹೆಕ್ಟೇರ್
2023–24: 0.90 ಹೆಕ್ಟೇರ್
2024–25: 1.79 ಹೆಕ್ಟೇರ್

ಈಗ ನಮ್ಮ ಪಾಠ ಹಚ್ಚೋಣ. 2022–23ರಿಂದ 2023–24ಕ್ಕೆ ಇಳಿಕೆ ಶೇ. 59.3. ಬಿಸಿ ಮತ್ತು ಬರ ಇದಕ್ಕೆ ಮುಖ್ಯ ಕಾರಣವೆಂದು ತಜ್ಞರು ಹೇಳಿದರು. ಮರುವರ್ಷ ಏರಿಕೆ ಶೇ. 98.9. ಶೇ. 59 ಇಳಿದು ಶೇ. 99 ಏರಿದರೆ ಲಾಭವೇ ಆಯಿತಲ್ಲ ಎನಿಸುತ್ತದೆ. ಆದರೆ 1.79 ಇನ್ನೂ 2.21ಕ್ಕಿಂತ ಕಡಿಮೆ. ಶೇಕಡಾವಾರು ಲೆಕ್ಕದ ಆಧಾರ ಬದಲಾಗಿರುವುದೇ ಇದಕ್ಕೆ ಕಾರಣ.

1996–97 ಅನ್ನು ಆಧಾರ ವರ್ಷವಾಗಿ 100 ಎಂದು ಹಿಡಿದರೆ 2013–14ರ ಸೂಚ್ಯಂಕ 3.7, 2023–24ರದು 4.9, 2024–25ರದು 9.8. ಇಲ್ಲಿಯೂ ಎಚ್ಚರ ಬೇಕು. ಆಧಾರ ವರ್ಷ ಸಾಮಾನ್ಯ ವರ್ಷವಾಗಿರಬೇಕು ಎಂದು ಸೂಚ್ಯಂಕದ ಪಾಠದಲ್ಲಿಯೇ ಓದಿದ್ದೇವೆ. 1996–97 ಅತಿ ಹೆಚ್ಚು ಅಳತೆ ಸಿಕ್ಕ ವರ್ಷ. ಅದನ್ನೇ ಆಧಾರ ಮಾಡಿದರೆ ಉಳಿದೆಲ್ಲ ವರ್ಷವೂ ಸೋತಂತೆ ಕಾಣುತ್ತದೆ. ಒಂದು ವರ್ಷಕ್ಕಿಂತ ಮೂರು ವರ್ಷದ ಸರಾಸರಿ ಮೇಲು. ಕೊನೆಯ ಮೂರು ವರ್ಷಗಳ ಸರಾಸರಿ 1.63 ಹೆಕ್ಟೇರ್. ಹವಾಮಾನದ ಏರಿಳಿತವನ್ನು ಹೀಗೆ ಸಮ ಮಾಡಿ ನೋಡಿದರೂ ಇಳಿಮುಖ ಉಳಿಯುತ್ತದೆ ಎಂದರೆ ಅದು ಪ್ರವೃತ್ತಿ. ಮೊನಾರ್ಕ್ ವಿಷಯದಲ್ಲಿ ಅದು ಉಳಿದಿದೆ. ಅದರ ಹುಳು ತಿನ್ನುವ ಹಾಲುಗಿಡ ಹೊಲಗಳಲ್ಲಿ ಕಳೆನಾಶಕಕ್ಕೆ ನಾಶವಾದದ್ದು ಮುಖ್ಯ ಕಾರಣಗಳಲ್ಲಿ ಒಂದು.

6. ಮಳೆ ಹಿಂದಿರುಗುತ್ತದೆ, ಗಿಡ ಹಿಂದಿರುಗುತ್ತದೆಯೇ?

ಇಲ್ಲಿಯೇ ವಿಷಯ ನಮ್ಮೂರಿಗೆ ಬರುತ್ತದೆ. ಬರ ಚಿಟ್ಟೆಗಳನ್ನು ಇಳಿಸುತ್ತದೆ, ಒಳ್ಳೆಯ ಮಳೆ ಏರಿಸುತ್ತದೆ. ಇದು ಹಿಂದಿನಿಂದಲೂ ನಡೆದದ್ದು. ಆದರೆ ಏರಬೇಕಾದರೆ ಎರಡು ಬೇಕು: ಸ್ವಲ್ಪವಾದರೂ ಆರಂಭದ ದಾಸ್ತಾನು, ಮತ್ತು ಹುಳುವಿಗೆ ಗಿಡ. ಕಬ್ಬಿನ ಹೊಲದೊಳಗೆ ಎಕ್ಕಿ, ಔಡಲ, ತಂಗಡಿ ಇರುವುದಿಲ್ಲ. ಅವು ಇರುವುದು ಬದುವಿನ ಮೇಲೆ, ಕಾಲುವೆಯ ದಂಡೆಯಲ್ಲಿ, ರಸ್ತೆಯ ಬದಿಯಲ್ಲಿ. ಕಬ್ಬು ಕಡಿದ ಮೇಲೆ ರವದಿಗೆ ಹಚ್ಚಿದ ಬೆಂಕಿ ಬದುವಿಗೂ ಹಬ್ಬಿದರೆ ಅಲ್ಲಿದ್ದ ಕೋಶಗಳೂ ಸುಡುತ್ತವೆ. ಬದುವಿಗೆ ಹುಲ್ಲಿನ ಎಣ್ಣೆ ಹೊಡೆದರೆ ಗಿಡವೇ ಹೋಗುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಮಳೆ ಬಂದರೂ 20 ಎಂಬ ಸಂಖ್ಯೆ 40 ಆಗುವುದಿಲ್ಲ.

ನಮ್ಮ ಬೀಳಗಿ ಮತ್ತು ಮುಧೋಳ ತಾಲ್ಲೂಕಿನಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಅದು ಚಿಂಕಾರಗಳಿಗಾಗಿ ಉಳಿಸಿದ ಕಾಡು. ಆದರೆ ಕುರುಚಲು ಗಿಡಗಳು ಉಳಿದಲ್ಲಿ ಅವನ್ನು ತಿಂದು ಬದುಕುವ ಚಿಟ್ಟೆಗಳಿಗೂ ಜಾಗ ಉಳಿಯುತ್ತದೆ. ಕಾಡು ಘೋಷಿಸುವುದು ಸರ್ಕಾರದ ಕೆಲಸ. ಒಂದು ಬದುವನ್ನು ಬಿಡುವುದು ನಮ್ಮ ಮನೆಗಳಲ್ಲಿಯೇ ಆಗಬಹುದಾದ ಕೆಲಸ.

7. ನಮ್ಮ ಕಾಲೇಜಿಗೆ ಒಂದು ಪುಸ್ತಕ

ಪಿಯುಸಿ ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಎರಡೇ ವರ್ಷ. ಎರಡು ಬಿಂದುಗಳಿಂದ ಪ್ರವೃತ್ತಿ ರೇಖೆ ಎಳೆಯಲಾಗದು. ನಾವು ಹೋದರೂ ಪುಸ್ತಕ ಉಳಿದರೆ ಮಾತ್ರ ಹತ್ತು ವರ್ಷದ ನಂತರ ಯಾರಾದರೂ ಉತ್ತರ ಹೇಳಬಹುದು. ಆದ್ದರಿಂದ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಇದು. ಗ್ರಂಥಾಲಯದಲ್ಲಿ ಒಂದು ಚಿಟ್ಟೆ ರಿಜಿಸ್ಟರ್ ಇಡೋಣ. ನಿಯಮಗಳು ಹೀಗಿರಲಿ.

(1) ಕಾಲೇಜಿನ ಗೇಟಿನಿಂದ 500 ಮೀಟರ್ ದಾರಿ, ಎಂದಿಗೂ ಅದೇ ದಾರಿ.
(2) ಪ್ರತಿ ಶನಿವಾರ ಬೆಳಗ್ಗೆ ಗೊತ್ತುಪಡಿಸಿದ ಒಂದೇ ಹೊತ್ತಿನಲ್ಲಿ 20 ನಿಮಿಷ. ಮಳೆ ಅಥವಾ ಜೋರು ಗಾಳಿ ಇದ್ದರೆ ಮರುದಿನ.
(3) ಹೆಸರು ಗೊತ್ತಿಲ್ಲದಿದ್ದರೆ ‘ಹಳದಿ’, ‘ಬಿಳಿ’, ‘ಸಣ್ಣ ನೀಲಿ’ ಎಂದು ಬರೆದರೂ ನಡೆಯುತ್ತದೆ. ಹಿಡಿಯುವುದು ಬೇಡ.
(4) ಒಂದೂ ಕಾಣದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಡಬಾರದು. ಸೊನ್ನೆಯೂ ಒಂದು ಮಾಹಿತಿ.
(5) ಪಕ್ಕದ ಅಂಕಣಗಳಲ್ಲಿ ದಿನಾಂಕ, ಮಳೆ ನಕ್ಷತ್ರ, ಆ ವಾರ ಬಿದ್ದ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿರುವುದರಿಂದ ಈ ಅಂಕಿ ಸಿಗುತ್ತದೆ.
(6) ಬದುವಿಗೆ ಬೆಂಕಿ ಬಿದ್ದರೆ, ಎಣ್ಣೆ ಹೊಡೆದರೆ, ದಾರಿ ಅಗಲವಾದರೆ ಅದನ್ನೂ ಬರೆಯಬೇಕು.
(7) ಮಾರ್ಚ್‌ನಲ್ಲಿ ದ್ವಿತೀಯ ವರ್ಷದವರು ಪ್ರಥಮ ವರ್ಷದವರಿಗೆ ಸಹಿ ಮಾಡಿ ಪುಸ್ತಕ ಒಪ್ಪಿಸಬೇಕು.

ಇದರ ಜೊತೆಗೆ ಕಾಂಪೌಂಡಿನ ಒಂದು ಬದಿಯಲ್ಲಿ ನಿಂಬೆ, ಕರಿಬೇವು, ತಂಗಡಿ ನೆಟ್ಟು, ತಾನಾಗಿ ಬಂದ ಎಕ್ಕಿಯನ್ನು ಕೀಳದೆ ಬಿಟ್ಟರೆ ಖರ್ಚು ಬಹಳ ಇಲ್ಲ. ಕುರ್‌ಆನ್‌ನಲ್ಲಿ ಜೇನುನೊಣ, ಇರುವೆ, ಜೇಡದ ಹೆಸರಿನ ಸೂರಾಗಳಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಸಣ್ಣ ಜೀವಗಳನ್ನು ಗಮನವಿಟ್ಟು ನೋಡುವುದು ನಮಗೆ ಹೊಸ ಪಾಠವಲ್ಲ.

ಅಭ್ಯಾಸ

1. 20 ಚಿಟ್ಟೆಗಳಿಂದ ಆರಂಭಿಸಿ, ಎರಡನೆಯ ಮತ್ತು ಮೂರನೆಯ ತಲೆಮಾರಿನಲ್ಲಿ ನೂರಕ್ಕೆ ಒಂದೇ ಬದುಕಿ, ಉಳಿದೆರಡು ತಲೆಮಾರಿನಲ್ಲಿ ನಾಲ್ಕು ಬದುಕಿದರೆ ಕೊನೆಗೆ ಎಷ್ಟು? (ಉತ್ತರ: 20)

2. ಮೊನಾರ್ಕ್ ಅಂಕಿಗಳಲ್ಲಿ 2022–23 ಅನ್ನು ಆಧಾರ ವರ್ಷ ಮಾಡಿ 2024–25ರ ಸೂಚ್ಯಂಕ ಕಂಡುಹಿಡಿಯಿರಿ. (ಉತ್ತರ: 81)

3. ನಿಮ್ಮ ಮನೆಯ ಹಿರಿಯರನ್ನು ‘ಪಾತರಗಿತ್ತಿ ಯಾವಾಗ ಹೆಚ್ಚು ಇರುತ್ತಿದ್ದವು?’ ಎಂದು ಕೇಳಿ. ಅವರು ಹಬ್ಬದ ಹೆಸರು ಹೇಳಿದರೆ ಅದು ಯಾವ ವರ್ಷ, ಆ ವರ್ಷ ಆ ಹಬ್ಬ ಯಾವ ತಿಂಗಳಲ್ಲಿ ಬಂದಿತ್ತು ಎಂದು ಹುಡುಕಿ ಬರೆಯಿರಿ. ರಿಜಿಸ್ಟರಿನ ಮೊದಲ ಪುಟಕ್ಕೆ ಆ ಉತ್ತರಗಳನ್ನೇ ಸೇರಿಸಬಹುದು.